ನರ್ಸಿಂಗ್ ಅಸಿಸ್ಟೆಂಟ್ ಆಗಿ ಮೂರು ವರ್ಷ ಆಯಿತು. ಈಗ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸೇರಲಾ, ಪುನಃ ಸಯನ್ಸ್ ಓದಿ ಬಿಎಸ್ಸಿ ನರ್ಸಿಂಗಿಗೆ ಹೋಗಲಾ?

ಪೆರ್ಲದವಳು

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯವಳು. ವಯಸ್ಸು 22. ಹತ್ತನೆಯವರೆಗೆ ಕನ್ನಡ ಮೀಡಿಯಂ. ಪ್ಲಸ್ ಟು ಕಾಮರ್ಸ್, 68 ಪರ್ಸೆಂಟ್. ಆಮೇಲೆ ಒಂದು ವರ್ಷದ ನರ್ಸಿಂಗ್ ಅಸಿಸ್ಟೆಂಟ್ ಕೋರ್ಸ್ ಮಾಡಿದೆ. ಮೂರು ವರ್ಷದಿಂದ ಮಂಗಳೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಇದ್ದೇನೆ.

ಕೆಲಸದ ಬಗ್ಗೆ ಬೇಸರ ಇಲ್ಲ. ಬೆಡ್ ಹಾಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು, ಟಿಪಿಆರ್ (ಜ್ವರ, ನಾಡಿ, ಉಸಿರು) ನೋಡುವುದು, ಇನ್‌ಟೇಕ್ ಔಟ್‌ಪುಟ್ (ರೋಗಿ ಕುಡಿದದ್ದು, ಮೂತ್ರ ಹೋದದ್ದು) ಅಳೆದು ಹೇಳುವುದು. ಕಳೆದ ತಿಂಗಳು ಒಂದು ನೈಟ್ ಡ್ಯೂಟಿಯಲ್ಲಿ ಒಬ್ಬರು ಅಜ್ಜಿ ಇದ್ದರು. ನಿದ್ರೆ ಬಂದ ಹಾಗೆ ಮಲಗಿದ್ದರು, ಆದರೆ ಮೂಗಿನ ಹೊಳ್ಳೆ ಅರಳುತ್ತಾ ಇತ್ತು. ನಾನು ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದೆ. 34 ಬಂತು. ಪುನಃ ಎಣಿಸಿದೆ, 34. ಓಡಿ ಹೋಗಿ ಸಿಸ್ಟರಿಗೆ ಹೇಳಿದೆ. ಡಾಕ್ಟರ್ ಬಂದರು, ಅರ್ಧ ಗಂಟೆಯೊಳಗೆ ಅಜ್ಜಿಯನ್ನು ಐಸಿಯುಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಚಾರ್ಟಿನಲ್ಲಿ ಆ 34 ಇತ್ತು, ಪಕ್ಕದಲ್ಲಿ ಸಿಸ್ಟರ ಸೈನ್. ಅದು ಅವರ ತಪ್ಪಲ್ಲ, ಸೈನ್ ಮಾಡುವ ಅಧಿಕಾರ ನನಗೆ ಇಲ್ಲ. ಅಜ್ಜಿ ಹುಷಾರಾಗಿ ಮನೆಗೂ ಹೋದರು. ಆದರೆ ಆ ಜಾಗದಲ್ಲಿ ನನ್ನ ಸೈನ್ ಇರಬೇಕು ಅಂತ ಆಸೆ ಅವತ್ತಿನಿಂದ ಶುರುವಾಗಿದೆ, ಹೋಗುತ್ತಾ ಇಲ್ಲ.

ಕೋರ್ಸಿಗೆ ಸೇರಿಸುವಾಗ ಅಲ್ಲಿಯವರು "ಐದು ವರ್ಷ ಎಕ್ಸ್‌ಪೀರಿಯನ್ಸ್ ಆದರೆ ಸ್ಟಾಫ್ ನರ್ಸ್ ಆಗಬಹುದು" ಎಂದಿದ್ದರು. ಅದು ನಿಜವಾ? ಇಲ್ಲದಿದ್ದರೆ ಯಾವ ದಾರಿ ಹಿಡಿಯಲಿ? ಅಪ್ಪನಿಗೆ ರಬ್ಬರ್ ಟ್ಯಾಪಿಂಗ್ ಕೆಲಸ. ತಮ್ಮ ಹತ್ತನೇ ಕ್ಲಾಸು. ನನ್ನ ಹತ್ತಿರ ಕೂಡಿಟ್ಟದ್ದು 1 ಲಕ್ಷದ 10 ಸಾವಿರ ಉಂಟು. ಕೆಲಸ ಬಿಡದೆ ಓದಲು ಆಗುತ್ತದಾ ಅಂತಲೂ ಹೇಳಿ.

ಕುಂಬಳೆ ಸಿಸ್ಟರ್

ಮಗಳೇ, ನಾನು 33 ವರ್ಷ ಸರ್ವಿಸ್ ಮಾಡಿ ರಿಟೈರ್ ಆದವಳು. ಮೊದಲು ನಿನ್ನ ಆ ಐದು ವರ್ಷದ ಮಾತು. ಅದು ಸುಳ್ಳು. ಐದಲ್ಲ, ಇಪ್ಪತ್ತು ವರ್ಷ ಕೆಲಸ ಮಾಡಿದರೂ ಅಸಿಸ್ಟೆಂಟ್ ತನ್ನಷ್ಟಕ್ಕೆ ನರ್ಸ್ ಆಗುವುದಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ನೋಡು, ಅಟೆಂಡರ್ ಆಗಿ ಸೇರಿದವರು ಬಡ್ತಿಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗುತ್ತಾರೆ. ಆದರೆ ನರ್ಸ್ ಆಗಬೇಕಾದರೆ ಕೌನ್ಸಿಲ್ ರಿಜಿಸ್ಟ್ರೇಷನ್ ಬೇಕೇ ಬೇಕು. ಕೇರಳದಲ್ಲಾದರೆ ತಿರುವನಂತಪುರದ ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲ್, ಕರ್ನಾಟಕದಲ್ಲಾದರೆ ಬೆಂಗಳೂರಿನ ಕರ್ನಾಟಕ ಸ್ಟೇಟ್ ನರ್ಸಿಂಗ್ ಕೌನ್ಸಿಲ್. ಆ ಪುಸ್ತಕದಲ್ಲಿ ಹೆಸರು ಹತ್ತಿದ ಮೇಲೆ ಮಾತ್ರ ನೀನು ರಿಜಿಸ್ಟರ್ಡ್ ನರ್ಸ್. ನೀನು ಮಾಡಿದ ಒಂದು ವರ್ಷದ ಕೋರ್ಸ್ ಆಗಲಿ, ಈಗಿನ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸ್ ಆಗಲಿ, ಆ ಪುಸ್ತಕದ ಹತ್ತಿರ ಕೊಂಡುಹೋಗುವುದಿಲ್ಲ.

ನಿನಗೆ ಇರುವ ದಾರಿ ಮೂರು. ಎಎನ್‌ಎಂ (ಹಳ್ಳಿಯ ಆರೋಗ್ಯ ಕೇಂದ್ರದ ನರ್ಸ್ ಕೆಲಸದ ಕೋರ್ಸ್) ಎರಡು ವರ್ಷ. ಜಿಎನ್‌ಎಂ ಮೂರು ವರ್ಷ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಬಿಎಸ್ಸಿಗೆ ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು, ಜನರಲ್ ವಿಭಾಗಕ್ಕೆ 45 ಪರ್ಸೆಂಟ್ ಬೇಕು. ಕಾಮರ್ಸ್ ಓದಿದವಳಿಗೆ ಅದು ನೇರವಾಗಿ ಸಿಗುವುದಿಲ್ಲ. ಜಿಎನ್‌ಎಂ ಹಾಗಲ್ಲ. ಯಾವ ವಿಷಯ ಓದಿದ್ದರೂ ಒಟ್ಟಿನಲ್ಲಿ 40 ಪರ್ಸೆಂಟ್, ಇಂಗ್ಲಿಷಿನಲ್ಲೂ 40 ಇದ್ದರೆ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಸೇರಬಹುದು. ಸಯನ್ಸ್ ಓದಿದವರಿಗೆ ಆದ್ಯತೆ ಉಂಟು, ಆದ್ದರಿಂದ ಸರ್ಕಾರಿ ಸೀಟು ನಿನಗೆ ಸ್ವಲ್ಪ ಕಷ್ಟ. ಆದರೂ ಅರ್ಜಿ ಹಾಕು. ಹಾಕದೆ ಬಿಡಬೇಡ.

ನೀನು ಎಣಿಸಿದ ಆ 34 ಇದೆಯಲ್ಲಾ, ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದೊಡ್ಡವರಿಗೆ 12ರಿಂದ 20 ಇರಬೇಕಾದ್ದು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವವರನ್ನು, ಎಣಿಸದೆಯೇ 20 ಅಂತ ಬರೆಯುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಪೂರ್ತಿ ನಿಮಿಷ ಎಣಿಸಿ, ಸಂಶಯ ಬಂದು ಇನ್ನೊಮ್ಮೆ ಎಣಿಸುವವಳು ನರ್ಸ್ ಆಗಲೇಬೇಕು.

ಉಪ್ಪಳದ ಅಣ್ಣ

ನನ್ನ ಹೆಂಡತಿ ಜಿಎನ್‌ಎಂ. ಅವಳದ್ದೂ ಪ್ಲಸ್ ಟು ಆರ್ಟ್ಸ್. ಈಗ ಡಯಾಲಿಸಿಸ್ ಯೂನಿಟಿನಲ್ಲಿ ಇದ್ದಾಳೆ. ಮೊದಲ ವರ್ಷ ಅನಾಟಮಿ, ಮೈಕ್ರೋಬಯಾಲಜಿ ಸ್ವಲ್ಪ ಕಷ್ಟ ಆಯಿತು. ಅಳುತ್ತಾ ಓದಿದಳು, ಪಾಸಾದಳು. ಸೇರು ತಂಗಿ.

ದೇರಳಕಟ್ಟೆ ಟ್ಯೂಟರ್

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನನ್ನ ಅಭಿಪ್ರಾಯ ಬೇರೆ ಇದೆ, ಬೇಸರ ಮಾಡಬೇಡಿ. ನಿಮಗೆ ಇನ್ನೂ 22. ಓಪನ್ ಸ್ಕೂಲಿನಲ್ಲಿ ಸಯನ್ಸ್ ವಿಷಯಗಳನ್ನು ಬರೆದು ಬಿಎಸ್ಸಿ ಮಾಡಿದರೆ ಮುಂದೆ ಎಂಎಸ್ಸಿ, ಪಾಠ ಮಾಡುವ ಕೆಲಸ, ಎಲ್ಲದಕ್ಕೂ ಬಾಗಿಲು ನೇರವಾಗಿ ತೆರೆದಿರುತ್ತದೆ. ಎನ್‌ಐಒಎಸ್ ಆಗಲಿ, ಕೇರಳದ ಸ್ಕೋಲ್ ಆಗಲಿ, ಸರ್ಕಾರ ಒಪ್ಪಿದ ಓಪನ್ ಸ್ಕೂಲಿನಲ್ಲಿ ಸಯನ್ಸ್ ಮತ್ತು ಇಂಗ್ಲಿಷ್ ಪಾಸಾದವರನ್ನು ಬಿಎಸ್ಸಿಗೆ ತೆಗೆದುಕೊಳ್ಳಬಹುದು ಅಂತ ಕೌನ್ಸಿಲೇ ಹೇಳುತ್ತದೆ.

ಏಮ್ಸ್ ನರ್ಸಿಂಗ್ ಆಫೀಸರ್ ಪರೀಕ್ಷೆ ನೋಡಿ. ಬಿಎಸ್ಸಿ ಆದವರು ರಿಜಿಸ್ಟ್ರೇಷನ್ ಇದ್ದರೆ ಕೂಡಲೇ ಬರೆಯಬಹುದು. ಜಿಎನ್‌ಎಂ ಆದವರಿಗೆ ಕಡಿಮೆ ಎಂದರೆ 50 ಬೆಡ್ ಇರುವ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಇಂಥ ವ್ಯತ್ಯಾಸ ಮುಂದೆ ಹೆಜ್ಜೆ ಹೆಜ್ಜೆಗೂ ಸಿಗುತ್ತದೆ. ಕೆಲಸ ಬಿಡದೆ ಓದುವ ಮಾತು ಕೇಳಿದ್ದೀರಿ. ಓಪನ್ ಸ್ಕೂಲಿನ ಪ್ಲಸ್ ಟುವನ್ನು ಕೆಲಸದ ಜೊತೆ ಓದಬಹುದು. ನರ್ಸಿಂಗ್ ಕೋರ್ಸನ್ನು ಮಾತ್ರ ಸಾಧ್ಯವೇ ಇಲ್ಲ. ಪರೀಕ್ಷೆಗೆ ಕೂರಲು 80 ಪರ್ಸೆಂಟ್ ಹಾಜರಿ ಬೇಕು. ಕ್ಲಿನಿಕಲ್ ಡ್ಯೂಟಿ ಗಂಟೆಗಳನ್ನಂತೂ ನೂರಕ್ಕೆ ನೂರು ಮುಗಿಸದೆ ಸರ್ಟಿಫಿಕೇಟ್ ಕೊಡುವುದಿಲ್ಲ.

ಕುಂಬಳೆ ಸಿಸ್ಟರ್

ಟ್ಯೂಟರ್ ಹೇಳಿದ್ದು ತಪ್ಪಲ್ಲ. ಆದರೆ ಈ ಹುಡುಗಿಯ ಮನೆಯ ಲೆಕ್ಕ ಹಾಕಿ ನೋಡೋಣ. ಓಪನ್ ಸ್ಕೂಲಿಗೆ ಎರಡು ವರ್ಷ ಹಿಡಿಯಿರಿ. ಫಿಸಿಕ್ಸನ್ನು ಎಂದೂ ಓದದವಳು ನೈಟ್ ಡ್ಯೂಟಿ ಮುಗಿಸಿ ಬಂದು ಓದಬೇಕು, ಪ್ರಾಕ್ಟಿಕಲ್ ಬೇರೆ. ಆಮೇಲೆ ಎಂಟ್ರೆನ್ಸ್, ಬಿಎಸ್ಸಿ ನಾಲ್ಕು ವರ್ಷ. 28ಕ್ಕೆ ಕೈಗೆ ರಿಜಿಸ್ಟ್ರೇಷನ್. ಅದೇ ಜಿಎನ್‌ಎಂಗೆ ಈ ವರ್ಷ ಸೇರಿದರೆ 25ಕ್ಕೆ ರಿಜಿಸ್ಟರ್ಡ್ ನರ್ಸ್. ಬೇಕಾದರೆ ಎರಡು ವರ್ಷ ದುಡಿದು, ತಮ್ಮನ ಓದಿಗೂ ಕೊಟ್ಟು, ಆಮೇಲೆ ಜಿಎನ್‌ಎಂ ಆದವರಿಗೆ ಇರುವ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಲಿ. 29ಕ್ಕೆ ಅದೇ ಡಿಗ್ರಿ. ಅದರ ಮೇಲೆ ಎಂಎಸ್ಸಿಯೂ ಮಾಡಬಹುದು. ನಡುವೆ ಕೈಯಲ್ಲಿ ಸಂಬಳ, ಎದೆಯಲ್ಲಿ ಧೈರ್ಯ. ಟ್ಯಾಪಿಂಗ್ ಮಾಡುವ ಅಪ್ಪನಿಗೆ ಮಳೆಗಾಲದಲ್ಲಿ ಎಷ್ಟು ದಿನ ಕೆಲಸ ಇರುತ್ತದೆ, ನಮಗೆ ಗೊತ್ತಿಲ್ಲವಾ?

ದೇರಳಕಟ್ಟೆ ಟ್ಯೂಟರ್

ಈ ಲೆಕ್ಕವನ್ನು ನಾನು ಒಪ್ಪುತ್ತೇನೆ ಸಿಸ್ಟರ್. ಮನೆಯಲ್ಲಿ ದುಡಿಯುವ ಕೈ ಕಡಿಮೆ ಇರುವಾಗ ಮೂರು ವರ್ಷ ದೊಡ್ಡದು. ನನ್ನ ಒಂದೇ ಬೇಡಿಕೆ, ಜಿಎನ್‌ಎಂ ಆದ ಮೇಲೆ ಪೋಸ್ಟ್ ಬೇಸಿಕ್ ಮಾಡುವುದನ್ನು ಬಿಡಬೇಡಿ. "ಮುಂದಿನ ವರ್ಷ, ಮುಂದಿನ ವರ್ಷ" ಅಂತ ಹತ್ತು ವರ್ಷ ಕಳೆದವರನ್ನು ಕಂಡಿದ್ದೇನೆ.

ಮುಳ್ಳೇರಿಯದ ಜೆಪಿಎಚ್‌ಎನ್

ಎಎನ್‌ಎಂ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ಅದನ್ನೇ ಓದಿದ್ದು. ಕೇರಳದಲ್ಲಿ ನಮ್ಮ ಹುದ್ದೆಗೆ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್ ಅಂತ ಹೆಸರು. ಸಬ್ ಸೆಂಟರ್, ಮಕ್ಕಳ ಚುಚ್ಚುಮದ್ದು, ಬಸುರಿಯರ ಮನೆ ಭೇಟಿ. ನನಗೆ ಈ ಕೆಲಸದ ಮೇಲೆ ತುಂಬ ಪ್ರೀತಿ. ಆದರೆ ಪೆರ್ಲದ ತಂಗಿ, ನಿನ್ನ ಮನಸ್ಸು ವಾರ್ಡಿನಲ್ಲಿ ಉಂಟು. ಎಎನ್‌ಎಂ ಆದವರ ಹೆಸರೂ ಕೌನ್ಸಿಲಿನಲ್ಲಿ ಹತ್ತುತ್ತದೆ, ಆದರೆ ಅದು ಬೇರೆ ಪಟ್ಟಿ. ವಾರ್ಡಿನ ರಿಜಿಸ್ಟರ್ಡ್ ನರ್ಸ್ ಆಗಬೇಕಾದರೆ ಪುನಃ ಜಿಎನ್‌ಎಂ ಓದಬೇಕು. ಎರಡು ಮತ್ತು ಮೂರು, ಐದು ವರ್ಷ ಆಯಿತು. ಸೀದಾ ಜಿಎನ್‌ಎಂಗೆ ಹೋಗುವ ಅವಕಾಶ ಇರುವಾಗ ಸುತ್ತು ಬಳಸಬೇಡ.

ಬಾಯಾರಿನ ಅಕ್ಕ

ದಾರಿ ಯಾವುದು ಅಂತ ಎಲ್ಲರೂ ಹೇಳಿದ್ದಾರೆ. ನಾನು ಬಿದ್ದ ಗುಂಡಿಯನ್ನು ಹೇಳುತ್ತೇನೆ.

ನಾನು ಪ್ಲಸ್ ಟು ಮುಗಿಸಿದ ವರ್ಷ ಒಬ್ಬ ಏಜೆಂಟ್ ಮನೆಗೆ ಬಂದ. ಪೇಟೆಯ ಅಂಗಡಿಯವರ ಪರಿಚಯದವ, ಅಮ್ಮ ಚಹಾ ಕೊಟ್ಟರು. ಕರ್ನಾಟಕದ ದೂರದ ಒಂದು ಊರಿನಲ್ಲಿ ಜಿಎನ್‌ಎಂ ಸೀಟು, ಹಾಸ್ಟೆಲ್ ಸೇರಿ ಕಡಿಮೆ ಫೀಸು ಎಂದ. ಮೇಜಿನ ಮೇಲೆ ಬಣ್ಣದ ಪುಸ್ತಕ ಬಿಡಿಸಿ ಕಟ್ಟಡ ತೋರಿಸಿದ. ಹೋಗಿ ನೋಡಿದರೆ ಒಂದು ಕಾಂಪ್ಲೆಕ್ಸಿನ ಎರಡನೇ ಮಾಳಿಗೆ. ಕೆಳಗೆ ಟಯರ್ ಅಂಗಡಿ. ಲ್ಯಾಬಿನಲ್ಲಿ ಒಂದು ಗೊಂಬೆ ಇತ್ತು, ಅದಕ್ಕೆ ಎಡಗೈ ಇರಲಿಲ್ಲ. ಕ್ಲಿನಿಕಲ್ ಅಂತ ವಾರಕ್ಕೆ ಒಂದು ದಿನ 20 ಬೆಡ್ಡಿನ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋಗುತ್ತಿದ್ದರು. ಏಳು ತಿಂಗಳು ಕಳೆದ ಮೇಲೆ ಸೀನಿಯರ್ ಒಬ್ಬಳಿಂದ ತಿಳಿಯಿತು, ಅವರ ಬ್ಯಾಚಿಗೆ ಪರೀಕ್ಷೆಯ ಹಾಲ್ ಟಿಕೆಟೇ ಬಂದಿರಲಿಲ್ಲ. ವಾಪಸ್ ಬರುತ್ತೇನೆ ಎಂದರೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಲಿಲ್ಲ. ಉಳಿದ ವರ್ಷಗಳ ಫೀಸು ಕಟ್ಟಿ ತೆಗೆದುಕೊಂಡು ಹೋಗಿ ಎಂದರು. ಅಮ್ಮನ ಬಳೆ ಹೋಯಿತು, ಮಾರ್ಕ್ಸ್ ಕಾರ್ಡ್ ಬಂತು. ಒಂದು ವರ್ಷ ಮನೆಯಲ್ಲಿ ಕೂತು, ಆಮೇಲೆ ಬೇರೆ ಕಡೆ ಸೇರಿ ಮುಗಿಸಿದೆ. ಈಗ ನರ್ಸ್ ಆಗಿದ್ದೇನೆ. ಬಳೆಯನ್ನೂ ಮಾಡಿಸಿ ಕೊಟ್ಟೆ.

ಆದ್ದರಿಂದ ಯಾವ ಕಾಲೇಜಿಗೆ ಸೇರುವ ಮೊದಲೂ ಈ ವರ್ಷಕ್ಕೆ ಅದಕ್ಕೆ ಅನುಮತಿ ಉಂಟಾ ನೋಡಿ. ಹಳೆಯ ಪತ್ರ ತೋರಿಸಿದರೆ ನಂಬಬೇಡಿ. ರಾಜ್ಯದ ಕೌನ್ಸಿಲ್ ಪಟ್ಟಿಯಲ್ಲಿ ಉಂಟಾ, ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಉಂಟಾ, ಎರಡನ್ನೂ ನೋಡಿ. ಇವೆರಡರಲ್ಲಿ ಯಾರ ಮಾನ್ಯತೆ ಸಾಕು ಎಂಬ ಜಗಳ ಕರ್ನಾಟಕದಲ್ಲಿ ಹೈಕೋರ್ಟಿನವರೆಗೆ ಹೋಗಿತ್ತು. ಕೋರ್ಟಿನ ಮಾತು ವಕೀಲರಿಗೆ ಇರಲಿ. ನಾಳೆ ಬೇರೆ ರಾಜ್ಯದಲ್ಲಿ ಹೆಸರು ಹತ್ತಿಸುವಾಗ, ಬ್ಯಾಂಕ್ ಲೋನ್ ಕೇಳುವಾಗ, ಹೊರದೇಶಕ್ಕೆ ಹೋಗುವಾಗ ನಮಗೆ ಎರಡೂ ಇದ್ದರೆ ಸಮಾಧಾನ. ಆಮೇಲೆ ಕಾಲೇಜಿಗೆ ಸ್ವಂತ ಆಸ್ಪತ್ರೆ ಉಂಟಾ, ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಕೇಳಿ. ಅಲ್ಲಿಗೆ ನೀವೇ ಒಮ್ಮೆ ಹೋಗಿ, ಕಾಲೇಜಿನ ಮಕ್ಕಳು ವಾರ್ಡಿನಲ್ಲಿ ಇದ್ದಾರಾ ಅಂತ ಕಣ್ಣಾರೆ ನೋಡಿ. ಮೂರನೇ ವರ್ಷದ ಯಾರನ್ನಾದರೂ ಗೇಟಿನ ಹೊರಗೆ ನಿಲ್ಲಿಸಿ ಮಾತಾಡಿಸಿ.

ಪೆರ್ಲದವಳು

ಅಕ್ಕ, ನಿಮ್ಮ ಬರಹ ಓದಿ ಕೈ ತಣ್ಣಗಾಯಿತು. ನಿನ್ನೆಯೇ ಒಬ್ಬರು "ಕೆಲಸ ಮಾಡುತ್ತಾ ದೂರಶಿಕ್ಷಣದಲ್ಲಿ ನರ್ಸಿಂಗ್ ಮಾಡಿಸುತ್ತೇವೆ, ಪರೀಕ್ಷೆಗೆ ಮಾತ್ರ ಬಂದರೆ ಸಾಕು" ಅಂತ ಫೋನ್ ಮಾಡಿದ್ದರು.

ಎರಡು ವಿಷಯ ಕೇಳಲಿಕ್ಕೆ ಉಂಟು. ಕರ್ನಾಟಕದಲ್ಲಿ ಓದಿದರೆ ಊರಲ್ಲಿ ಕೆಲಸಕ್ಕೆ ತೊಂದರೆಯಾ? ಗಡಿನಾಡಿನವರಿಗೆ ಕರ್ನಾಟಕದಲ್ಲಿ ಏನೋ ಅವಕಾಶ ಉಂಟು ಅನ್ನುತ್ತಾರೆ, ಅದು ಏನು? ಇನ್ನೊಂದು, ನನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿಲ್ಲ. ಮಲಯಾಳಂ ಮಾತಾಡುತ್ತೇನೆ, ಬರೆಯಲು ಬರುವುದಿಲ್ಲ.

ನೀರ್ಚಾಲಿನ ಮಾಷ್ಟ್ರು

ಆ ಫೋನ್ ನಂಬರನ್ನು ಬ್ಲಾಕ್ ಮಾಡಮ್ಮ. ದೂರಶಿಕ್ಷಣದಲ್ಲಿ ಇಗ್ನೋ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಪೋಸ್ಟ್ ಬೇಸಿಕ್ ನಡೆಸುತ್ತಾ ಬಂದದ್ದು ನಿಜ, ಆದರೆ ಅದು ಆಗಲೇ ರಿಜಿಸ್ಟರ್ಡ್ ನರ್ಸ್ ಆಗಿ ಕೆಲಸದಲ್ಲಿ ಇರುವವರಿಗೆ. ಮೊದಲ ರಿಜಿಸ್ಟ್ರೇಷನ್ನಿಗೆ ಹಾಗೆ ಅಡ್ಡದಾರಿ ಇಲ್ಲ.

ಗಡಿನಾಡು ವಿಷಯ ಹೇಳುತ್ತೇನೆ, ನಮ್ಮ ಶಾಲೆಯ ಮಕ್ಕಳಿಗೆ ವರ್ಷ ವರ್ಷವೂ ಈ ಕಾಗದ ಮಾಡಿಸುತ್ತೇವೆ. ಕರ್ನಾಟಕದ ಸಿಇಟಿಯಲ್ಲಿ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನವರಿಗೂ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ದಕ್ಷಿಣ ಸೊಲ್ಲಾಪುರದವರಿಗೂ ಸೀಟಿಗೆ ಅರ್ಹತೆ ಕೊಡುವ ಒಂದು ಕಲಂ ಉಂಟು. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಈ ತಾಲೂಕುಗಳಲ್ಲಿ ವಾಸ ಇರಬೇಕು, ಇಲ್ಲೇ ಓದಿರಬೇಕು. ತಹಶೀಲ್ದಾರರಿಂದ ಸರ್ಟಿಫಿಕೇಟ್ ತರಬೇಕು, 50 ಅಂಕದ ಕನ್ನಡ ಪರೀಕ್ಷೆ ಬರೆಯಬೇಕು. ಕನ್ನಡ ಮೀಡಿಯಂನಲ್ಲಿ ಓದಿದವಳಿಗೆ ಅದು ನೀರು ಕುಡಿದ ಹಾಗೆ. ಆದರೆ ಇದು ಸಿಇಟಿ ಮೂಲಕ ತುಂಬುವ ಸೀಟುಗಳ ವಿಷಯ, ನರ್ಸಿಂಗಿನಲ್ಲಾದರೆ ಬಿಎಸ್ಸಿ. ಕಾಮರ್ಸ್ ಆದ ಕಾರಣ ನಿನಗೆ ಈಗ ಉಪಯೋಗ ಇಲ್ಲ. ನಿನ್ನ ತಮ್ಮನಿಗೆ ಬರಬಹುದು. ಹತ್ತನೆಯಲ್ಲಿ ಇದ್ದಾನಲ್ಲ, ಸಯನ್ಸ್ ಇಷ್ಟ ಉಂಟಾ ಕೇಳಿ ನೋಡು.

ಕರ್ನಾಟಕದಲ್ಲಿ ಜಿಎನ್‌ಎಂ ಮುಗಿಸಿದರೆ ಮೊದಲು ಅಲ್ಲಿಯ ಕೌನ್ಸಿಲಿನಲ್ಲಿ ಹೆಸರು ಹತ್ತಿಸಬೇಕು. ಆಮೇಲೆ ಅಲ್ಲಿಂದ ಎನ್‌ಒಸಿ (ಅಭ್ಯಂತರ ಇಲ್ಲ ಎಂಬ ಪತ್ರ) ತಂದು ಕೇರಳದ ಕೌನ್ಸಿಲಿಗೆ ಬದಲಿಸಿಕೊಳ್ಳಬಹುದು. ಕೇರಳ ಪಿಎಸ್‌ಸಿಯ ನರ್ಸ್ ಹುದ್ದೆಗೆ ಇಲ್ಲಿಯ ರಿಜಿಸ್ಟ್ರೇಷನ್ ಬೇಕು, ಅದನ್ನು ತಡ ಮಾಡಬಾರದು.

ಲೋನ್ ಬಗ್ಗೆ ಒಂದು ಮಾತು. 4 ಲಕ್ಷದವರೆಗಿನ ಎಜುಕೇಶನ್ ಲೋನಿಗೆ ಬ್ಯಾಂಕ್ ಜಾಗದ ಆಧಾರ ಕೇಳಬಾರದು. ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಶುರುವಾಗುವುದಿಲ್ಲ. ಬಡ್ಡಿ ಮಾತ್ರ ಲೋನ್ ಕೊಟ್ಟ ದಿನದಿಂದಲೇ ಸೇರುತ್ತದೆ, ಆಗುವಷ್ಟು ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟುತ್ತಾ ಹೋದರೆ ಒಳ್ಳೆಯದು. ನಿನ್ನ 1 ಲಕ್ಷದ 10 ಸಾವಿರವನ್ನು ಒಂದೇ ಸಲ ಫೀಸಿಗೆ ಸುರಿಯಬೇಡ. ಹಾಸ್ಟೆಲ್, ಯೂನಿಫಾರ್ಮ್, ಪುಸ್ತಕ, ಪರೀಕ್ಷೆ ಫೀಸು ಅಂತ ಮೂರು ವರ್ಷವೂ ಬರುತ್ತಾ ಇರುತ್ತದೆ.

ಅಬುಧಾಬಿಯಿಂದ

ಹೊಸಂಗಡಿಯವಳು, ಜಿಎನ್‌ಎಂ, ಈಗ ಗಲ್ಫಿನಲ್ಲಿ. ಇಲ್ಲಿ ಲೈಸೆನ್ಸಿಗೆ ಪರೀಕ್ಷೆ ಬರೆಯಬೇಕು, ಡೇಟಾಫ್ಲೋ ಎಂಬ ಕಂಪನಿಯವರು ನಮ್ಮ ಕಾಗದಗಳನ್ನು ಓದಿದ ಕಾಲೇಜಿಗೂ ಕೌನ್ಸಿಲಿಗೂ ಕಳಿಸಿ ತಾಳೆ ನೋಡುತ್ತಾರೆ. ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಇದ್ದರೂ ತಿಂಗಳುಗಟ್ಟಲೆ ಕಾಯಬೇಕು. ನನ್ನ ಹತ್ತನೆಯ ಸರ್ಟಿಫಿಕೇಟಿನಲ್ಲಿ ಮನೆ ಹೆಸರು ಹಿಂದೆ, ಆಧಾರಿನಲ್ಲಿ ಮುಂದೆ ಇತ್ತು. ಸೇರುವ ಮೊದಲೇ ಎಲ್ಲ ಕಾಗದದಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಥರ ಉಂಟಾ ನೋಡಿಕೊ ಮಾರಾಯ್ತಿ. ಅಕ್ಷಯ ಕೇಂದ್ರದಲ್ಲಿ (ಕೇರಳದ ಸರ್ಕಾರಿ ಸೇವಾ ಕೇಂದ್ರ) ಈಗ ಅರ್ಧ ದಿನದ ಕೆಲಸ. ಇಲ್ಲಿಂದ ಮಾಡಿಸುವುದು ನರಕ.

ಊರಿನಲ್ಲೇ ಖಾಸಗಿ ಆಸ್ಪತ್ರೆಗೆ ಸೇರುವುದಾದರೆ ಸಂಬಳದ ಬಗ್ಗೆ ಬಾಯಿಬಿಟ್ಟು ಕೇಳು. ಕೇರಳದಲ್ಲಿ ನರ್ಸ್‌ಗಳು ಹೋರಾಟ ಮಾಡಿದ ಮೇಲೆ 2018ರಲ್ಲಿ ಸರ್ಕಾರ ಕಡಿಮೆ ಅಂದರೆ 20,000 ಅಂತ ನಿಗದಿ ಮಾಡಿತ್ತು. ಅದು ರಿಜಿಸ್ಟರ್ಡ್ ನರ್ಸಿಗೆ. "ಟ್ರೈನಿ" ಅಂತ ಹೆಸರಿಟ್ಟು ಕಡಿಮೆ ಕೊಡುವವರು ಇದ್ದಾರೆ.

ಕುಂಬಳೆ ಸಿಸ್ಟರ್

ಇಂಗ್ಲಿಷ್ ಬಗ್ಗೆ ಹೆದರಬೇಡ. ನಿನ್ನ ಮೊದಲ ಬರಹವನ್ನೇ ನೋಡು, ಟಿಪಿಆರ್, ಇನ್‌ಟೇಕ್ ಔಟ್‌ಪುಟ್ ಎಲ್ಲ ಬರೆದಿದ್ದಿ. ಪ್ಲಸ್ ಟುವಿನಿಂದ ನೇರ ಬರುವ ಮಕ್ಕಳಿಗೆ ಅದೆಲ್ಲ ಹೊಸ ಭಾಷೆ. ನಿನಗೆ ಮೂರು ವರ್ಷದ ಅಭ್ಯಾಸ. ಕೌನ್ಸಿಲ್ ಆ ಮೂರು ವರ್ಷವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ನಿಜ, ಆದರೆ ಫಂಡಮೆಂಟಲ್ಸ್ ಆಫ್ ನರ್ಸಿಂಗ್ ಕ್ಲಾಸಿನಲ್ಲಿ ಬೇರೆಯವರು ಗೊಂಬೆಯ ಮೇಲೆ ಕಲಿಯುವಾಗ ನಿನ್ನ ಕೈಗೆ ಅದು ಆಗಲೇ ಗೊತ್ತಿರುತ್ತದೆ. ಒಂದು ಎಚ್ಚರ. ವಾರ್ಡಿನಲ್ಲಿ ಅವಸರಕ್ಕೆ ಕಲಿತ ಕೆಲವು ತಪ್ಪು ಅಭ್ಯಾಸಗಳೂ ಇರುತ್ತವೆ. ಟೀಚರ್ ತಿದ್ದಿದರೆ "ನಾವು ಹೀಗೇ ಮಾಡುವುದು" ಅನ್ನಬೇಡ. ಇವತ್ತಿನಿಂದ ಒಂದು ಸಣ್ಣ ನೋಟ್‌ಬುಕ್ ಜೇಬಿನಲ್ಲಿ ಇಡು. ರೌಂಡ್ಸ್ ಹೊತ್ತಿಗೆ ಕೇಳಿದ ಹೊಸ ಪದ ಬರೆ, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆ.

ಭಾಷೆಯ ಬಗ್ಗೆ ಇನ್ನೊಂದು. ಮಲಯಾಳಂ ಬರೆಯಲು ಕಲಿತುಕೊ, ಊರಲ್ಲಿ ಕೆಲಸಕ್ಕೆ ಬೇಕು. ಆದರೆ ನಿನ್ನ ಕನ್ನಡ, ತುಳು ಕೊರತೆ ಅಲ್ಲ. ನಾನು ಸರ್ವಿಸಿನಲ್ಲಿ ಇದ್ದಾಗ ಎಣ್ಮಕಜೆ ಕಡೆಯ ಒಬ್ಬರು ಅಜ್ಜ ಬಂದಿದ್ದರು. ತುಳು ಬಿಟ್ಟು ಬೇರೆ ಮಾತು ಬಾರದು. ದಕ್ಷಿಣದಿಂದ ಬಂದ ಸಿಸ್ಟರ್ ಪಾಪ ಒಳ್ಳೆಯವಳು, ಮೂರು ಸಲ ಕೇಳಿದಳು, ಅಜ್ಜ ತಲೆ ಆಡಿಸಿದರು. ನೋವಿಲ್ಲ ಅಂತ ಬರೆದಳು. ನಾನು ಹೋಗಿ "ಓಲು ಬೇನೆ ಅಜ್ಜೆರೆ?" (ಎಲ್ಲಿ ನೋವು ಅಜ್ಜ?) ಎಂದೆ. ಎದೆಯ ಮೇಲೆ ಕೈ ಇಟ್ಟು ಎಡ ತೋಳಿನವರೆಗೆ ಎಳೆದು ತೋರಿಸಿದರು.

2020ರ ಮಾರ್ಚಿನಲ್ಲಿ ಕೋವಿಡ್ ಅಂತ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರನ್ನೇ ನಂಬಿದ ನಮ್ಮ ಕಡೆಯ ರೋಗಿಗಳು ಆಂಬುಲೆನ್ಸಿನಲ್ಲೇ ವಾಪಸ್ ಬಂದದ್ದು ನೆನಪಿದೆಯಲ್ಲಾ? ಕೆಲವರು ಉಳಿಯಲೇ ಇಲ್ಲ. ಆಮೇಲೆ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿ ಅವಸರದಲ್ಲಿ ಕೋವಿಡ್ ಆಸ್ಪತ್ರೆ ತೆರೆದರು. ಕಟ್ಟಡ ಕಟ್ಟಬಹುದು ಮಗಳೇ, ಅದರೊಳಗೆ ನಮ್ಮ ಅಜ್ಜನ ಮಾತು ಅರ್ಥವಾಗುವ ನರ್ಸ್ ಬೇಕು. ನೀನು ಮಂಗಳೂರಿನಲ್ಲಿ ಓದು, ಗಲ್ಫಿಗೂ ಹೋಗು, ಬೇಡ ಅನ್ನುವುದಿಲ್ಲ. ಒಂದು ದಿನ ಈ ಕಡೆ ಬಾ.

ಪೆರ್ಲದವಳು

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಜಿಎನ್‌ಎಂ ಅಂತ ತೀರ್ಮಾನ ಮಾಡಿದೆ. ಅಪ್ಪ ಮೊದಲು ಏನೂ ಹೇಳಲಿಲ್ಲ. ರಾತ್ರಿ ಊಟ ಮಾಡುವಾಗ "ಮೂರು ವರ್ಷ ತಾನೇ, ನಡೆಯುತ್ತದೆ" ಎಂದರು.

ಊರಿನ ಸರ್ಕಾರಿ ಸೀಟಿಗೂ ಅರ್ಜಿ ಹಾಕುತ್ತೇನೆ. ಮಂಗಳೂರು ಕಡೆಯ ಎರಡು ನರ್ಸಿಂಗ್ ಸ್ಕೂಲುಗಳನ್ನು ರಜೆ ಹಾಕಿ ನೋಡಿ ಬಂದೆ. ಬಾಯಾರಿನ ಅಕ್ಕ ಹೇಳಿದ ಹಾಗೆ ಗೇಟಿನ ಹೊರಗೆ ನಿಂತು ಮೂರನೇ ವರ್ಷದವರನ್ನು ಮಾತಾಡಿಸಿದೆ. ಒಂದು ಕಡೆಯವರು ಸರಿಯಾಗಿ ಉತ್ತರ ಕೊಡಲಿಲ್ಲ, ಅದನ್ನು ಬಿಟ್ಟೆ. ಇನ್ನೊಂದು ಕಡೆ ಮಕ್ಕಳು ನನ್ನನ್ನು ವಾರ್ಡಿನ ಬಾಗಿಲವರೆಗೆ ಕರೆದುಕೊಂಡು ಹೋಗಿ ತೋರಿಸಿದರು. ಎರಡು ಪಟ್ಟಿಯಲ್ಲೂ ಅದರ ಹೆಸರು ಉಂಟು. ಆಧಾರಿನಲ್ಲಿ ನನ್ನ ಇನಿಶಿಯಲ್ ತಪ್ಪಿತ್ತು, ಅಕ್ಷಯದಲ್ಲಿ ಕೊಟ್ಟಿದ್ದೇನೆ. ತಮ್ಮ ಸಯನ್ಸ್ ತೆಗೆದುಕೊಳ್ಳುತ್ತಾನಂತೆ ಮಾಷ್ಟ್ರೇ, ಅವನ ಕಾಗದಕ್ಕೆ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾನೆ.

ನೋಟ್‌ಬುಕ್ಕಿನಲ್ಲಿ ಇವತ್ತಿಗೆ 61 ಪದ ಆಯಿತು ಸಿಸ್ಟರ್.

ಕುಂಬಳೆ ಸಿಸ್ಟರ್

ನನ್ನ ಹಳೆಯ ಅನಾಟಮಿ ಪುಸ್ತಕ ಅಟ್ಟದಲ್ಲಿ ಸಿಕ್ಕಿತು. ಅಂಚನ್ನು ಗೆದ್ದಲು ತಿಂದಿದೆ, ಒಳಗೆ ಚಿತ್ರ ಎಲ್ಲ ಸರಿ ಉಂಟು. ಆಫ್ ಇರುವ ದಿನ ಕುಂಬಳೆಯಲ್ಲಿ ಇಳಿದು ಮೆಸೇಜ್ ಮಾಡು, ಸ್ಟೇಷನ್ನಿಗೆ ನಾನೇ ಬರುತ್ತೇನೆ.